ಅಕ್ಕನ ಸೂಟಿ

ಸೋಮವಾರ ಭಾಲ್ಕಿಯಿಂದ ಹೊರಟ ಬಸ್ಸು ಬೀದರಿಗೆ ಬಂದು ಮುಟ್ಟುವಷ್ಟರಲ್ಲಿ ನನ್ನ ಸಿಟ್ಟು ಅರ್ಧ ಖರ್ಚಾಗಿರುತ್ತದೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಮೇಲೆ ಸ್ವಲ್ಪ, ಬಸ್ಸಿಗೆಲ್ಲ ಕೇಳುವಂತೆ ಮೊಬೈಲು ಹಚ್ಚುವವರ ಮೇಲೆ ಸ್ವಲ್ಪ. ಉಳಿದರ್ಧವನ್ನು ಕಚೇರಿಗೆಂದು ಕಾಯ್ದಿಟ್ಟುಕೊಳ್ಳುತ್ತೇನೆ. ಸೋಮವಾರವೇ ನಾನು ವರದಿ ತೆಗೆಯುವ ದಿನ.

ನಮ್ಮದು ಕುರಿ, ಆಡು ಸಾಕುವ ಮನೆಗಳ ನಡುವೆ ಕೆಲಸ ಮಾಡುವ ಸಣ್ಣ ಸಂಸ್ಥೆ. ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ನಮ್ಮ ಕಾರ್ಯಕರ್ತೆಯರು ಹಟ್ಟಿಯಿಂದ ಹಟ್ಟಿಗೆ ತಿರುಗಿ, ಜಂತಿನ ಔಷಧ ಯಾವಾಗ, ಲಸಿಕೆ ಯಾವಾಗ ಎಂದು ನೆನಪಿಸಿ ಬರುತ್ತಾರೆ. ಅವರು ಕಂಡದ್ದನ್ನು ಬರೆಯಲು ನಮ್ಮದೇ ಒಂದು ಚಾಟ್ ಆ್ಯಪ್ ಇದೆ. ಹೈದರಾಬಾದಿನವರು ಯಾರೋ ಬಂದು ಕಚೇರಿಯ ಮೂಲೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಟ್ಟು, ಊಟ ಮಾಡಿ ಹೋದರು. ಹೋಗುವ ಮುನ್ನ ನನ್ನನ್ನು ಕೂರಿಸಿಕೊಂಡು ಒಂದು ಕಪ್ಪು ಪರದೆ ತೆರೆದು ತೋರಿಸಿದರು. ಅದರಲ್ಲಿ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ, ಮಿಣುಕುವ ಒಂದು ಗೆರೆ ಮಾತ್ರ. ಅಲ್ಲಿ ಒಂದು ಸಾಲು ಆಜ್ಞೆ ಬರೆದು ಎಂಟರ್ ಒತ್ತಿದರೆ ಆ ಗಳಿಗೆಯವರೆಗಿನ ವಾರದ ಲೆಕ್ಕವೆಲ್ಲ ಸರಸರ ಇಳಿದು ಬರುತ್ತದೆ. ಯಾರು ಎಷ್ಟು ಸಂದೇಶ ಬರೆದರು, ಎಷ್ಟು ದಿನ ಒಳಗೆ ಬಂದರು, ಕೊನೆಗೆ ಕಂಡದ್ದು ಯಾವಾಗ ಎಂದು ಒಬ್ಬೊಬ್ಬರದು ಒಂದೊಂದು ಸಾಲು. ಆಜ್ಞೆಯಲ್ಲಿ ಒಂದಕ್ಷರ ತಪ್ಪಿದರೂ ಅದು ಒಪ್ಪುವುದಿಲ್ಲ. ನನಗೂ ಅದಕ್ಕೂ ಮೊದಲ ದಿನವೇ ಸರಿಹೊಂದಿತು. ಇಬ್ಬರಿಗೂ ಚೌಕಾಶಿ ಬರುವುದಿಲ್ಲ.

ಆ ವರದಿ ಸಾಹೇಬರ ಮೇಜಿಗೆ ಹೋಗುತ್ತದೆ. ನಮ್ಮ ಸಾಹೇಬರು ಕೆಟ್ಟವರಲ್ಲ. ಮೊದಲು ಜೀಪು ಹತ್ತಿ ಹಳ್ಳಿ ಹಳ್ಳಿ ತಿರುಗುತ್ತಿದ್ದವರು. ಆ್ಯಪ್ ಬಂದ ಮೇಲೆ ತಿರುಗುವುದು ನಿಂತಿತು. ಎರಡು ವಾರ ಸೊನ್ನೆ ಇದ್ದವರ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತಾರೆ. ಮತ್ತೂ ಸೊನ್ನೆಯೇ ಬಂದರೆ ಆ ಊರಿಗೆ ಬೇರೆಯವರನ್ನು ಹುಡುಕುತ್ತಾರೆ. "ಕಣ್ಣಿಗಿ ಕಾಣೋದು ಸುಳ್ಳ ಆಗ್ಬಹುದ್ರಿ, ಲೆಕ್ಕ ಸುಳ್ಳ ಆಗಲ್ಲ" ಎನ್ನುವುದು ಅವರ ಮಾತು. ಅಂಕಿಯ ಹಿಂದಿನ ಸಂದೇಶಗಳನ್ನು ಅವರು ಓದುತ್ತಿರಲಿಲ್ಲ. ನಾನು ಓದುತ್ತಿದ್ದೆ, ಅದೂ ಮುಖ್ಯವಾಗಿ ಒಬ್ಬಳದು.

ಅವಳು ಔರಾದ ಕಡೆಯ ಕಾರ್ಯಕರ್ತೆ. ನಮಗಿಂತ ದೊಡ್ಡವಳೆಂದು ಎಲ್ಲರಿಗೂ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಮೈದುನನ ಮನೆಯಲ್ಲಿ ಒಂದು ಕೋಣೆ. ಅವರದು ತಲೆತಲಾಂತರದಿಂದ ಕುರಿ ಕಾಯುವವರ ಮನೆ. ನಮ್ಮದು ಖಟಕ ಚಿಂಚೋಳಿಯ ಹತ್ತಿರದ ಬೌದ್ಧರ ಮನೆ. ಮೊದಲ ತರಬೇತಿಯ ದಿನ ಹೊಸಬಳಾದ ನಾನು ಒಂದು ಮೂಲೆಯಲ್ಲಿ ನನ್ನ ಡಬ್ಬಿ ತೆಗೆದು ಕುಳಿತಿದ್ದೆ. ಅವಳು ಬಂದು, ಯಾರ ಮನೆಯವಳು, ಯಾವ ಪೈಕಿ ಎಂದು ಕೇಳದೆ, ತನ್ನ ಬುತ್ತಿ ಬಿಚ್ಚಿ ನನ್ನ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿದಳು. "ಉಣ್ಣು ತಂಗಿ, ನಿನ್ನ ಪಲ್ಯದಾಗ ಖಾರೇ ಇಲ್ಲ, ಮಾರಿ ಮ್ಯಾಲ ಮಾತ್ರ ಅದ" ಎಂದಳು. ಮುಖದ ಖಾರದ ಬಗ್ಗೆ ನನಗೆ ಅಷ್ಟು ನೇರವಾಗಿ ಹೇಳಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಅಂದಿನಿಂದ ಅವಳ ಎದುರು ನನ್ನ ಸಿಟ್ಟು ನಡೆಯಲಿಲ್ಲ.

ಅವಳ ಸಂದೇಶಗಳೂ ಹಾಗೆಯೇ ಇರುತ್ತಿದ್ದವು. "ಇವತ್ತ ಎಲ್ಲಾ ಹಟ್ಟಿ ತಿರುಗೇನಿ. ಕುರಿ ಆರಾಮ ಅವ. ಕುರಿ ಮಾಲೀಕ ಜರಾ ಕೆಮ್ಮತಾನ, ಅವನ ಔಷಧಿ ನಮ್ಮಲ್ಲಿ ಇಲ್ಲ." ಇನ್ನೊಮ್ಮೆ, "ಟಗರ ಹತ್ರ ಬಿಟ್ಕೊಳ್ಳವಲ್ದು. ಸಾಹೇಬ್ರಂಗ ದೂರದಿಂದೇ ನೋಡ್ತದ." ಕಪ್ಪು ಪರದೆಯ ಲೆಕ್ಕದಲ್ಲಿ ಇಂಥದ್ದೂ ಒಂದು ಸಂದೇಶ, ಬರೀ ನಮಸ್ಕಾರವೂ ಒಂದು ಸಂದೇಶ. ಅದಕ್ಕೆ ಭೇದವಿಲ್ಲ.

ಉದ್ದು, ಹೆಸರು ಕಟಾವಾಗುವ ಹೊತ್ತಿಗೆ ಔರಾದಿನ ಲೆಕ್ಕದಲ್ಲಿ ಅಕ್ಕನ ಸಾಲು ಮೇಲೇರತೊಡಗಿತು. ಒಂದು ವಾರ ತಾಲ್ಲೂಕಿಗೆ ಮೊದಲು, ಮುಂದಿನ ವಾರ ಮೂರೂ ತಾಲ್ಲೂಕಿಗೆ ಮೊದಲು. ನನಗೆ ಹಿಗ್ಗಾಯಿತು. ಹೊಸ ತಮಾಷೆ ಏನಿದೆಯೋ ನೋಡೋಣವೆಂದು ತೆರೆದರೆ ಒಂದೂ ಇಲ್ಲ. "ಲಸಿಕಾ ಕಾರ್ಯಕ್ರಮ ಯಶಸ್ವಿಯಾಗಿ ಜರುಗಿತು." "ಔಷಧಿ ವಿತರಿಸಲಾಯಿತು." ಜರುಗಿತು, ವಿತರಿಸಲಾಯಿತು ಎಂದೆಲ್ಲ ಅಕ್ಕ ಬರೆಯುವವಳೇ ಅಲ್ಲ. ಅದು ತರಬೇತಿಯ ಪುಸ್ತಕದ ಕನ್ನಡ. 

ಯಾವ ಖಾತೆ ಯಾವ ಫೋನಿನಲ್ಲಿ ತೆರೆದಿದೆ ಎಂದು ಹೇಳುವ ಇನ್ನೊಂದು ಆಜ್ಞೆ ಇದೆ. ಅದನ್ನು ಬರೆದು ನೋಡಿದೆ. ಅಕ್ಕನ ಖಾತೆ ಒಂದಲ್ಲ, ಎಂಟು ಹತ್ತು ಫೋನುಗಳಲ್ಲಿ ತೆರೆದಿತ್ತು. ನಮ್ಮಲ್ಲಿ ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಬರೆದರೆ ಇಬ್ಬರನ್ನೂ ಮನೆಗೆ ಕಳಿಸುತ್ತಾರೆ. ಕೆಲಸಕ್ಕೆ ಸೇರುವಾಗಲೇ ಆ ನಿಯಮಕ್ಕೆ ಸಹಿ ಮಾಡಿಸಿಕೊಂಡಿರುತ್ತಾರೆ. ನಾನು ಅಕ್ಕನ ಪಕ್ಕದ ಊರಿನ ಕಾರ್ಯಕರ್ತೆಗೆ ಫೋನ್ ಹಚ್ಚಿದೆ. ಅವಳು ಹೋದ ವರ್ಷವಷ್ಟೇ ಸೇರಿದವಳು, ಅಕ್ಕನ ಹಿಂದೆ ಹಿಂದೆಯೇ ತಿರುಗಿ ಕೆಲಸ ಕಲಿತವಳು.

"ಅಕ್ಕ ಎಲ್ಲಿ?" ಎಂದೆ.

"ಹಟ್ಟಿ ಕಡಿ ಹೋಗ್ಯಾರ್ರಿ ಮೇಡಂ."

"ಸುಳ್ಳ ಹೇಳಬ್ಯಾಡ. ಅಕ್ಕನ ಹೆಸರಿಲೆ ಬರೆಯೋರು ಯಾರು?"

ಆ ಕಡೆಯಿಂದ ಅಳುವುದು ಕೇಳಿಸಿತು.

ಆ ಭಾನುವಾರ ನಾನು ಔರಾದಿಗೆ ಹೋದೆ. ಬಸ್ಸಿಳಿದಾಗ ಅದೇ ಹುಡುಗಿ ಕಾಯುತ್ತ ನಿಂತಿದ್ದಳು. ಅಕ್ಕನ ಊರಿಗೆ ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಹೇಳಿದಳು. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ. ಬೀದರಿನ ದವಾಖಾನೆಯವರು ಹೈದರಾಬಾದಿಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಮೊದಲ ಸಲ ಹೋಗಿ ಬಂದ ಮೇಲೆ ಎದ್ದು ತಿರುಗುವ ಶಕ್ತಿಯಿಲ್ಲ. ಸೊನ್ನೆಯ ಮೇಲೆ ಸೊನ್ನೆ ಬಿದ್ದರೆ ತೆಗೆದುಬಿಡುತ್ತಾರೆಂದು ಸುತ್ತಲಿನ ಊರಿನ ಕಾರ್ಯಕರ್ತೆಯರೆಲ್ಲ ಸೇರಿ ಅವಳ ಹಟ್ಟಿಗಳನ್ನು ಹಂಚಿಕೊಂಡಿದ್ದಾರೆ. ಹಟ್ಟಿಯನ್ನಷ್ಟೇ ಅಲ್ಲ, ಖಾತೆಯನ್ನೂ.

"ಹೊಲದಾಗ ಕಸ ತಗಿವಾಗ ಹಿಂಗೇ ಮಾಡ್ತೇವಲ್ರಿ ಮೇಡಂ," ಎಂದಳು. "ಒಬ್ಬಾಕಿ ಹಿಂದ ಬಿದ್ರ ಆಜೂಬಾಜೂದಾಕಿ ಆಕಿ ಸಾಲಿಗಿ ಎರಡೆರಡ ಖುರಪಿ ಹಾಕಿ ಮುಂದ ತರ್ತಾರ. ಮಾಲೀಕ ಬದುವಿನ ಮ್ಯಾಲಿಂದ ನೋಡಿದ್ರ ಎಲ್ಲಾರೂ ಬರೋಬರ್ ಕಾಣಬೇಕ್ರಿ."

ನನ್ನ ಅವ್ವನೂ ಕೂಲಿಗೆ ಹೋದವಳೇ. ಬಸುರಿಯ ಸಾಲು, ಮುದುಕಿಯ ಸಾಲು, ಜ್ವರ ಬಂದವಳ ಸಾಲು ಹೀಗೆ ಸಾಗಿದ್ದನ್ನು ಬದುವಿನ ಮೇಲೆ ಆಡುತ್ತ ನಾನೇ ನೋಡಿದ್ದೇನೆ. ಹೊಲದಲ್ಲಾದರೆ ಅಕ್ಕಪಕ್ಕಕ್ಕೆ ಇರುವುದು ಇಬ್ಬರೇ. ಹಿಂದೆ ಬಿದ್ದವಳ ಸಾಲು ಉಳಿದವರ ಸಮಕ್ಕೆ ಬಂತೆಂದರೆ ನಿಲ್ಲುತ್ತಾರೆ. ಇಲ್ಲಿ ಯಾರ ಕಣ್ಣಿಗೂ ಸಾಲು ಕಾಣುವುದಿಲ್ಲ. ಬೇರೆಯವಳು ಬರೆದಳೋ ಇಲ್ಲವೋ, ನಾನೂ ಒಂದು ಹಾಕಿಬಿಡುತ್ತೇನೆ ಎಂದು ಪ್ರತಿಯೊಬ್ಬಳೂ ದಿನಾ ಬರೆದಿದ್ದಾಳೆ. ಹೀಗೆ ಹಾಸಿಗೆ ಹಿಡಿದ ಅಕ್ಕ ಮೂರೂ ತಾಲ್ಲೂಕಿಗೆ ಮುಂದಾದಳು. ನಗಬೇಕೋ ಅಳಬೇಕೋ ತಿಳಿಯದೆ ಆಟೋದ ಹೊರಗೆ ನೋಡುತ್ತ ಕುಳಿತೆ.

ಅಕ್ಕ ಕೋಣೆಯ ಮುಂದೆ ಹೊರಸಿನ ಮೇಲೆ ಮಲಗಿದ್ದಳು. ಕುರಿಗಳ ಹಿಂದೆ ಹೊಲದ ಬದು ಹಾರುತ್ತಿದ್ದ ಮೈ ಹೊದಿಕೆಯ ಕೆಳಗೆ ಇದೆಯೋ ಇಲ್ಲವೋ ಎಂಬಂತಿತ್ತು.

"ಬಾ ತಂಗಿ," ಎಂದಳು. "ನಿನ್ನ ಮಷೀನು ಹಿಡೀತಲ್ಲ ನಮ್ಮನ್ನ?"

"ಹಿಡೀತು."

"ಶಾಣ್ಯಾ ಅದ ಬಿಡು. ನಿನ್ನ ಜೋಡಿ ಇದ್ದು ಕಲ್ತಿರಬೇಕು."

ನಾನು ಅಳಬಾರದೆಂದುಕೊಂಡು ಹೋದವಳು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನಾನು ಸುಮ್ಮನಾಗುವವರೆಗೆ ಕಾದು, ಆಮೇಲೆ ಮಾತಾಡಿದಳು.

"ಮನ್ಯಾಗ ನೌಕರಿ ಬಿಡು ಅಂತಾರ. ನಾ ಬಿಡಲ್ಲ. ನನಗ ಸೂಟಿ ಬೇಕು. ಹುಟ್ಟಿದಾಗಿಂದ ಯಾರೂ ನನಗ ಒಂದ ದಿನ ಸೂಟಿ ಕೊಟ್ಟಿಲ್ಲ ತಂಗಿ. ತವರ ಮನ್ಯಾಗ ಕೊಡ್ಲಿಲ್ಲ, ಗಂಡನ ಮನ್ಯಾಗ ಕೊಡ್ಲಿಲ್ಲ. ಗಂಡ ಸತ್ತ ದಿನಾನೂ ಕುರಿಗಿ ನೀರ ಕುಡಿಸೀನಿ. ಈ ನೌಕರಿದಾಗ ಸೂಟಿ ಅಂತ ಅದ ಅಂತ ನೀನೇ ಹೇಳಿದ್ದಿ. ನನ್ನ ತಗದ ಹಾಕೂದು ಬ್ಯಾಡ, ನಾ ಬಿಡೂದು ಬ್ಯಾಡ. ಸೂಟಿ ಮ್ಯಾಲ ಇದ್ದಾಳ ಅನಬೇಕು. ಅದೊಂದು ಕೊಡಿಸು."

ಅವಳು ಬೇಡಿದ್ದು ಅಷ್ಟೇ. ಅದನ್ನು ಕೊಡಿಸುವುದು ಏನು ಮಹಾ ಎಂದುಕೊಂಡೆ. ಅಲ್ಲೇ ಮೂರು ತಿಂಗಳ ರಜೆಯ ಅರ್ಜಿ ಬರೆದೆ, ಅವಳು ಸಹಿ ಮಾಡಿದಳು. ಸಹಿ ಮಾಡಿದ ಮೇಲೆ ನನ್ನ ಕೈ ಹಿಡಿದು ಇನ್ನೊಂದು ಮಾತು ಹೇಳಿದಳು: "ಈ ಹೆಣ್ಣಮಕ್ಕಳ ಸುದ್ದಿ ಎತ್ತಬ್ಯಾಡ. ನನ್ನ ಸಾಲು ಹಿಡಿದ ಕೈ ಮುರಿಸಿ ನನಗ ಸೂಟಿ ಬ್ಯಾಡ."

ಮರುದಿನ ಸಾಹೇಬರ ಮೇಜಿನ ಮೇಲೆ ಅರ್ಜಿಯನ್ನೂ ವರದಿಯನ್ನೂ ಇಟ್ಟೆ. ಅವರು ಒಂದನ್ನು ಓದಿದರು, ಇನ್ನೊಂದನ್ನು ಓದಿದರು, ನನ್ನನ್ನು ನೋಡಿದರು.

"ಭಾಳ ಬಿಮಾರ್ ಇದ್ದಾರ ಅಂತ ಬರೆದೀರಿ. ಇಲ್ಲಿ ನೋಡಿದ್ರ ಮೂರೂ ತಾಲ್ಲೂಕಿಗಿ ಇವರೇ ಮುಂದ ಅದಾರಲ್ರಿ!"

"ನೀವು ಒಮ್ಮಿ ಹೋಗಿ ನೋಡಿ ಬರ್ರಿ ಸಾಹೇಬ್ರ."

"ನೋಡೋದೇನದರಿ, ಕಾಣ್ತದಲ್ಲ. ಇಷ್ಟ ಹುರುಪಿನ ಮನಷ್ಯಾರಿಗಿ ಮೂರ ತಿಂಗಳು ಮನ್ಯಾಗ ಕೂಡಿಸಿದ್ರ ಮನಸ್ಸ ಕುಗ್ತದ. ಮುಂದಿನ ಸಭಾಕ್ಕ ಕರೀರಿ, ಎಲ್ಲಾರ ಮುಂದ ಶಾಲು ಹೊದಿಸೋಣು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ನನಗೆ ತಡೆಯದಾಯಿತು. ಕೆಟ್ಟ ಮನುಷ್ಯನಾಗಿದ್ದರೆ ಬೈದಾದರೂ ಬರುತ್ತಿದ್ದೆ. ನಿಜ ಹೇಳಿದರೆ ಹತ್ತು ಮನೆಯ ಹೆಂಗಸರ ಕೆಲಸ ಹೋಗುತ್ತದೆ, ಹೇಳದಿದ್ದರೆ ಅಕ್ಕನಿಗೆ ಸೂಟಿಯಿಲ್ಲ. ಅತ್ತ ದರಿ, ಇತ್ತ ಪುಲಿ. ಹಲ್ಲು ಕಚ್ಚಿಕೊಂಡು ಹೊರಗೆ ಬಂದು ಔರಾದಿನ ಹುಡುಗಿಗೆ ಫೋನ್ ಮಾಡಿದೆ. ಇನ್ನು ಯಾರೂ ಅಕ್ಕನ ಹೆಸರಲ್ಲಿ ಬರೆಯಬೇಡಿ, ಸೊನ್ನೆ ಬರಲಿ, ಆಗ ನಂಬುತ್ತಾರೆ ಎಂದೆ.

"ಸೊನ್ನಿನಾ?" ಎಂದಳು ಅವಳು. "ಬದುಕಿರೋ ಮನಷ್ಯಾಳ ಹೆಸರಿನ ಮುಂದ ಸೊನ್ನಿ ಹಾಕಸ್ತೀರೇನ್ರಿ ಮೇಡಂ? ಬ್ಯಾಡ್ರಿ, ಅಪಶಕುನ."

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಒದರಿದೆ, ಅವಳು ಅತ್ತಳು. ವಿಷಯ ಅಕ್ಕನ ಕಿವಿಗೂ ಬಿತ್ತು. ಸಂಜೆ ಅವಳೇ ಫೋನ್ ಮಾಡಿದಳು.

"ಜಗಳ ಯಾಕ ಮಾಡ್ತೀರಿ? ಸಭಾಕ್ಕ ಕರೆದಾರಲ್ಲ, ಬರ್ತೇನಿ. ನಾ ಏನೂ ಹೇಳಲ್ಲ, ನೀನೂ ಹೇಳಬ್ಯಾಡ. ಬರೇ ನನ್ನ ನೋಡ್ಲಿ."

ಬರಬೇಡ ಎಂದೆ. ಆ ದೇಹ ಬಸ್ಸಿನ ಕುಲುಕಾಟ ತಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆದರೂ ಬಂದಳು. ಎರಡೂ ಕಡೆ ಇಬ್ಬರು ಹಿಡಿದುಕೊಂಡು ಸಭೆಯ ಕೋಣೆಗೆ ಕರೆತಂದರು. ಭಾಲ್ಕಿ ಕಡೆಯ ಕಾರ್ಯಕರ್ತೆಯರಿಗೆ ಗುರುತೇ ಸಿಗಲಿಲ್ಲ. ಯಾರದೋ ತಾಯಿಯನ್ನು ದವಾಖಾನೆಗೆ ತೋರಿಸಲು ತಂದವರು ಇಲ್ಲಿಗೂ ಬಂದಿದ್ದಾರೆ ಎಂದುಕೊಂಡು ಒಬ್ಬಳು ಕುರ್ಚಿ ಬಿಟ್ಟುಕೊಟ್ಟಳು.

ಸಾಹೇಬರು ಕಾಗದ ನೋಡುತ್ತ, ನಗುನಗುತ್ತ ಅಕ್ಕನ ಹೆಸರು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ತನ್ನನ್ನು ಹಿಡಿದವರ ಕೈ ಬಿಡಿಸಿಕೊಂಡು ತಾನೊಬ್ಬಳೇ ಎದ್ದು ನಿಂತಳು. ಸಾಹೇಬರು ತಲೆ ಎತ್ತಿದರು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಆಗಿ ನಿಂತುಹೋಯಿತು. ಬಿಚ್ಚಿದ ಶಾಲು ಹಿಡಿದುಕೊಂಡು ಸಾಹೇಬರು ಹಾಗೆಯೇ ನಿಂತಿದ್ದರು.

"ಶಾಲ ಬ್ಯಾಡ್ರಿ ಸಾಹೇಬ್ರ," ಎಂದಳು ಅಕ್ಕ. "ಸೂಟಿ ಕೊಡ್ರಿ."

ಅವರು ಅಲ್ಲಿಯೇ ಅರ್ಜಿ ತರಿಸಿ ಸಹಿ ಹಾಕಿದರು. ಸಭೆ ಮುಗಿದ ಮೇಲೆ ನನ್ನನ್ನು ಒಳಗೆ ಕರೆದು, ತಲೆ ತಗ್ಗಿಸಿಕೊಂಡೇ ಕೇಳಿದರು.

"ಮತ್ತ ಅಷ್ಟೆಲ್ಲಾ ಬರೆದವರು ಯಾರ್ರಿ?"

"ಲೆಕ್ಕ ಸುಳ್ಳ ಆಗಲ್ಲ ಅಂತೀರಲ್ರಿ. ಅದನ್ನೇ ಕೇಳ್ರಿ," ಎಂದೆ.

ಅವರು ಮತ್ತೆ ಕೇಳಲಿಲ್ಲ. ಹತ್ತು ಹೆಂಗಸರ ಕೆಲಸ ಉಳಿಯಿತು. ಆ ಒಂದು ಕಾರಣಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಬಸ್ಸಿನ ಹೊತ್ತಾಗುವವರೆಗೆ ಅಕ್ಕ ನನ್ನ ಪಕ್ಕದಲ್ಲಿ, ಕಪ್ಪು ಪರದೆಯ ಮುಂದೆ ಕುಳಿತಳು. ರಜೆಯ ಆಜ್ಞೆ ಬರೆದು ಎಂಟರ್ ಒತ್ತಿದೆ. ಅವಳ ಹೆಸರಿನ ಪಕ್ಕ ಒಂದು ಗುರುತು ಬಂತು.

"ಇದೇ ಏನು?" ಎಂದಳು.

"ಇದೇ. ಇದು ಇರೋತನಕ ನಿನ್ನ ಯಾರೂ ಲೆಕ್ಕಕ್ಕ ಹಿಡಿಯಲ್ಲ. ಸೊನ್ನಿನೂ ಇಲ್ಲ, ಕೆಂಪೂ ಇಲ್ಲ."

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಜೊತೆಗೆ ಬಂದವರಿಗೆ ನಾನು ಒಂದು ಮಾತು ಬಿಡಿಸಿ ಹೇಳಿದೆ: ಈ ಖಾತೆಯಿಂದ ಇನ್ನು ಒಂದೇ ಒಂದು ಸಂದೇಶ ಹೋದರೂ, ಅಕ್ಕ ಕೆಲಸಕ್ಕೆ ಮರಳಿದಳೆಂದು ತಿಳಿದು ಯಂತ್ರ ಈ ಗುರುತನ್ನು ತಾನೇ ಅಳಿಸಿಬಿಡುತ್ತದೆ, ಆದ್ದರಿಂದ ಯಾರೂ ಮುಟ್ಟಬೇಡಿ. ಮುಟ್ಟುವುದಿಲ್ಲ ಎಂದರು.

ಆಮೇಲಿನ ದಿನಗಳಲ್ಲಿ ಅಕ್ಕ ನನಗೆ ಫೋನ್ ಮಾಡಿ ಸೂಟಿಯ ಸುದ್ದಿ ಹೇಳುತ್ತಿದ್ದಳು. ಹೈದರಾಬಾದಿನ ದವಾಖಾನೆಯ ಸುದ್ದಿ ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದಳು. "ಈಗ ಕುರಿ ಹೊಂಟವು ತಂಗಿ. ನಾ ಇಲ್ಲೇ ಬಿಸಲಿಗಿ ಕುಂತೀನಿ. ಮೈದುನನ ಹೆಂಡ್ತಿ ಚಾ ತಂದಕೊಟ್ಟಾಳ. ಯಾಕ ಎದ್ದಿಲ್ಲ ಅಂತ ಯಾರೂ ಕೇಳವಲ್ರು." ಶಾಲೆಗೆ ರಜೆ ಬಿಟ್ಟ ಮಕ್ಕಳ ದನಿಯೇ ಆ ದನಿ. ಫೋನಿಟ್ಟ ಮೇಲೆ ನನಗೆ ಸಂತೋಷವೂ ಆಗುತ್ತಿತ್ತು, ತಾಳಲಾರದ ಸಂಕಟವೂ ಆಗುತ್ತಿತ್ತು. ಸೋಮವಾರದ ವರದಿ ತೆಗೆದ ಕೂಡಲೆ ಮೊದಲು ಅವಳ ಹೆಸರಿನ ಪಕ್ಕದ ಗುರುತು ಹುಡುಕುತ್ತಿದ್ದೆ. ಅದು ಇದ್ದರೆ ಉಳಿದದ್ದನ್ನು ಆಮೇಲೆ ನೋಡುತ್ತಿದ್ದೆ. ಬರಬರುತ್ತ ಅವಳ ಫೋನು ಕಡಿಮೆಯಾಯಿತು. ನಾನೇ ಮಾಡಿದರೆ ಮೈದುನನ ಹೆಂಡತಿ ಎತ್ತಿ, ಮಲಗಿದ್ದಾರೆ ಎನ್ನುತ್ತಿದ್ದಳು.

ಒಂದು ಸೋಮವಾರ ಆಜ್ಞೆ ಬರೆದು ಒತ್ತಿದೆ. ಅವಳ ಹೆಸರಿನ ಪಕ್ಕ ಗುರುತಿರಲಿಲ್ಲ. ಸಂದೇಶ ಒಂದು. ಒಳಗೆ ಬಂದ ದಿನ ಒಂದು. ಕೊನೆಗೆ ಕಂಡದ್ದು ಅಂದೇ ಬೆಳಿಗ್ಗೆ.

ನನ್ನ ಮೈ ಉರಿಯಿತು. ಅಷ್ಟು ಬಿಡಿಸಿ ಹೇಳಿದ್ದೆ, ಮತ್ತೆ ಯಾವಳೋ ಕೈ ಹಾಕಿದ್ದಾಳೆ. ಒಬ್ಬೊಬ್ಬರನ್ನೂ ಝಾಡಿಸಬೇಕೆಂದು, ಬರೆದದ್ದೇನು ನೋಡೋಣವೆಂದು ಆ ಸಂದೇಶ ತೆರೆದೆ. ಮೂರೂ ತಾಲ್ಲೂಕಿನ ಗುಂಪಿಗೆ, ಅಕ್ಕನ ಹೆಸರಿನಲ್ಲಿ ಬಂದಿತ್ತು:

"ಅಕ್ಕಾರು ಇವತ್ತ ನಸಕಿನ್ಯಾಗ ಹೋದ್ರು. ಮಧ್ಯಾಹ್ನ ಮಣ್ಣು. ಎಲ್ಲಾರೂ ಬರ್ರಿ."

ಔರಾದಿನ ಹುಡುಗಿಯೇ ಬರೆದದ್ದೆಂದು ಆಮೇಲೆ ತಿಳಿಯಿತು. ಅಷ್ಟು ದಿನ ಅಕ್ಕನಿಗಾಗಿ ಬರೆದು ಬರೆದು ಅವರೆಲ್ಲರ ಫೋನಿನಲ್ಲೂ ತಮ್ಮ ಖಾತೆಯ ಜೊತೆ ಆ ಖಾತೆಯೂ ತೆರೆದೇ ಇತ್ತು. ಅಳುತ್ತ, ಯಾರ ಹೆಸರಲ್ಲಿ ಬರೆಯುತ್ತಿದ್ದೇನೆ ಎಂದು ನೋಡದೆ ಅವಳು ಬರೆದು ಕಳಿಸಿಬಿಟ್ಟಿದ್ದಳು. ಯಂತ್ರ ತನ್ನ ಕೆಲಸ ತಾನು ಮಾಡಿತ್ತು.

ನಾನು ಜೋರಾಗಿ ಅತ್ತೆ. ಕಚೇರಿಯವರೆಲ್ಲ ಬಂದು ನಿಂತರು, ಸಾಹೇಬರೂ ಬಂದರು. ಪರದೆಯ ಕಡೆಗೆ ಕೈ ತೋರಿಸಿದೆ. ಬಹಳ ಕಾಲದ ಮೇಲೆ ಅವರು ಸಂದೇಶವೊಂದನ್ನು ಓದಿದರು.

"ಸತ್ತ ದಿನಾನೂ ಆಕಿನ ಕೆಲಸಕ್ಕ ಹಚ್ಚೇದ್ರಿ ಇದು," ಎಂದೆ. "ಸೂಟಿ ತಗದದ."

"ಮತ್ತ ಹಾಕ್ರಿ," ಎಂದರು ಸಾಹೇಬರು. "ಹಾಕೇ ಹೋಗೋಣು. ಜೀಪ ತಗಸ್ತೇನಿ."

ಕಣ್ಣೊರೆಸಿಕೊಂಡು ರಜೆಯ ಆಜ್ಞೆ ಬರೆದೆ. ಎಲ್ಲಿಯವರೆಗೆ ಎಂದು ಯಂತ್ರ ತಾರೀಖು ಕೇಳಿತು. ಸಾಹೇಬರನ್ನು ನೋಡಿದೆ, ಅವರು ಪರದೆಯಿಂದ ಕಣ್ಣು ತೆಗೆದು ಹೊರಗೆ ನಡೆದರು. ತಾರೀಖಿನ ಜಾಗವನ್ನು ಖಾಲಿ ಬಿಟ್ಟು ಎಂಟರ್ ಒತ್ತಿದೆ. ಅವಳ ಹೆಸರಿನ ಪಕ್ಕ ಗುರುತು ಬಂದದ್ದನ್ನು ನೋಡಿ, ಸಾಹೇಬರ ಹಿಂದೆ ಹೋಗಿ ಜೀಪು ಹತ್ತಿದೆ.